ತಿದ್ದಿದ ಗುರುತು: ಖಗೋಳವಿಜ್ಞಾನಿ ಎಡ್ವಿನ್ ಹಬಲ್

ಶಾಲೆಯೊಂದು ಐವತ್ತು ಸಂವತ್ಸರಗಳನ್ನು ಪೂರೈಸಿದ ಶುಭಸಂದರ್ಭದಲ್ಲಿ ಹೊರಬರುವ ಸ್ಮರಣ ಸಂಚಿಕೆಯಲ್ಲಿ ಸಂಸ್ಥಾಪಕರಿಗೆ, ದಾನಿಗಳಿಗೆ, ಗುರುಹಿರಿಯರಿಗೆ ಮೊದಲ ಸ್ಥಾನ ಸಲ್ಲುವುದು ಸಹಜವೂ ಯುಕ್ತವೂ ಆಗಿದೆ. ಆ ಪುಟಗಳ ನಡುವೆ ಕಡಲಾಚೆಯ ಅಮೆರಿಕದ ಖಗೋಳವಿಜ್ಞಾನಿಯೊಬ್ಬರ ಜೀವನಕಥನಕ್ಕೆ ಎಡೆಯೆಲ್ಲಿದೆಯೆಂದು ವಾಚಕರು ಕೇಳಬಹುದು. ನಾನು ಎರಡು ಕಾರಣಗಳನ್ನು ನಿವೇದಿಸಿಕೊಳ್ಳುತ್ತೇನೆ. ಮೊದಲನೆಯದಾಗಿ, ಅವರಿಗೆ ಕೀರ್ತಿ ತಂದುಕೊಟ್ಟ ಆಕಾಶಕಾಯವು ನಮ್ಮ ಮಡಕಶಿರಾ ಸೀಮೆಯ ಬಯಲಿನಿಂದಲೂ ಬರಿಗಣ್ಣಿಗೆ ಕಾಣುತ್ತದೆ. ಎರಡನೆಯದಾಗಿ, ಅವರ ಬಾಳಿನ ಒಂದು ವರ್ಷದ ಸತ್ಯಕ್ಕೆ ಪ್ರೌಢಶಾಲೆಯೊಂದರ ವಾರ್ಷಿಕ ಸಂಚಿಕೆಯೇ ಸಾಕ್ಷಿಯಾಗಿ ನಿಂತಿದೆ. ಶಾಲೆಯ ಸಂಚಿಕೆಯಲ್ಲಿ ಸ್ಮರಿಸುವುದಕ್ಕೆ ಇಷ್ಟು ಸಾಕೆಂದು ಭಾವಿಸಿದ್ದೇನೆ.

ಮೊದಲು ಆ ಆಕಾಶಕಾಯವನ್ನು ಗುರುತಿಸೋಣ. ಕಾರ್ತಿಕ ಮಾಸದ ಕೃಷ್ಣಪಕ್ಷದಲ್ಲಿ, ಮಳೆಮೋಡಗಳು ಸರಿದು ಆಗಸ ತಿಳಿಯಾದ ಮೇಲೆ, ರಾತ್ರಿ 9 ಗಂಟೆಯ ಸುಮಾರಿಗೆ ಊರ ದೀಪಗಳಿಂದ ದೂರ ಹೊಲದ ಬದುವಿನಲ್ಲಿ ನಿಂತು ತಲೆಯೆತ್ತಿದರೆ ನೆತ್ತಿಯ ಬಳಿ ನಾಲ್ಕು ತಾರೆಗಳ ದೊಡ್ಡ ಚೌಕವೊಂದು ಕಾಣುತ್ತದೆ. ನಮ್ಮ ಪಂಚಾಂಗದ ಪೂರ್ವಾಭಾದ್ರಾ ಮತ್ತು ಉತ್ತರಾಭಾದ್ರಾ ನಕ್ಷತ್ರಗಳು ಕೂಡಿ ಆದ ಚೌಕವಿದು. ಅದರ ಈಶಾನ್ಯ ಮೂಲೆಯಿಂದ ಆಂಡ್ರೋಮೀಡಾ ಪುಂಜದ ತಾರೆಗಳ ಸಾಲು ಹೊರಡುತ್ತದೆ. ಆ ಸಾಲನ್ನು ಹಿಡಿದು ಮಿರಾಕ್ ಎಂಬ ಕೆಂಛಾಯೆಯ ತಾರೆಯವರೆಗೆ ಸಾಗಿ, ಅಲ್ಲಿಂದ ಉತ್ತರಕ್ಕೆ ತಿರುಗಿ ಎರಡು ಮಂದ ತಾರೆಗಳನ್ನು ಎಣಿಸಿದರೆ, ಎರಡನೆಯದರ ಪಕ್ಕದಲ್ಲಿಯೇ ಹಿಂಜಿದ ಹತ್ತಿಯ ಎಳೆಯಂಥ ಒಂದು ಮಸುಕು ತೋರುತ್ತದೆ. ಸಾಧಾರಣ ಬೈನಾಕ್ಯುಲರಿನಲ್ಲಿ ಅದು ಅಂಡಾಕಾರದ ತಿಳಿ ಬೆಳಕಾಗಿ ಹಿಗ್ಗುತ್ತದೆ. ಇದೇ ಆಂಡ್ರೋಮೀಡಾ ಗೆಲಾಕ್ಸಿ. ನಮ್ಮ ಆಕಾಶಗಂಗೆಗೆ ನೆರೆಯಲ್ಲಿರುವ ದೊಡ್ಡ ಸುರುಳಿ ಗೆಲಾಕ್ಸಿ ಇದೇ.

ಕ್ರಿ.ಶ. 964ರಲ್ಲಿ ಪರ್ಷಿಯದ ಅಲ್-ಸೂಫಿ ತನ್ನ ನಕ್ಷತ್ರಗ್ರಂಥದಲ್ಲಿ ಇದನ್ನು ಪುಟ್ಟ ಮೋಡವೆಂದು ದಾಖಲಿಸಿದನು. 1764ರಲ್ಲಿ ಫ್ರಾನ್ಸಿನ ಚಾರ್ಲ್ಸ್ ಮೆಸಿಯೇ ತನ್ನ ಪಟ್ಟಿಯಲ್ಲಿ ಇದಕ್ಕೆ 31ನೆಯ ಸಂಖ್ಯೆಯನ್ನಿತ್ತನು. 1888ರಲ್ಲಿ ಇಂಗ್ಲೆಂಡಿನಲ್ಲಿ ಐಸಾಕ್ ರಾಬರ್ಟ್ಸ್ ದೀರ್ಘಕಾಲ ಬೆಳಕನ್ನು ಸಂಗ್ರಹಿಸಿ ತೆಗೆದ ಛಾಯಾಚಿತ್ರದಲ್ಲಿ ಅದರ ಸುರುಳಿಯ ರೂಪ ಸ್ಪಷ್ಟವಾಯಿತು. ಆದರೂ ಮೂಲಪ್ರಶ್ನೆ ಹಾಗೆಯೇ ಉಳಿಯಿತು. ಅದು ನಮ್ಮ ಆಕಾಶಗಂಗೆಯೊಳಗೇ ಇರುವ ಅನಿಲದ ಸುಳಿಯೋ, ಅಥವಾ ಆಕಾಶಗಂಗೆಯಂತೆಯೇ ಕೋಟ್ಯಂತರ ನಕ್ಷತ್ರಗಳುಳ್ಳ ಬೇರೆಯೇ ಲೋಕವೋ? ದೂರವನ್ನು ಅಳೆಯದೆ ಇದಕ್ಕೆ ಉತ್ತರವಿರಲಿಲ್ಲ. ಆ ದೂರವನ್ನು ಅಳೆದವರು ಎಡ್ವಿನ್ ಪೊವೆಲ್ ಹಬಲ್.

ಹಬಲ್ ಅವರು 1889ರ ನವೆಂಬರ್ 20ರಂದು ಅಮೆರಿಕದ ಮಿಸ್ಸೌರಿ ರಾಜ್ಯದ ಮಾರ್ಷ್‌ಫೀಲ್ಡ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ಜಾನ್ ಹಬಲ್ ವಿಮಾ ಸಂಸ್ಥೆಯ ಉದ್ಯೋಗಿ, ಶಿಸ್ತಿನ ಮನುಷ್ಯ. ತಾಯಿ ವರ್ಜೀನಿಯಾ. ಕುಟುಂಬವು ಕೆಲವು ವರ್ಷಗಳ ತರುವಾಯ ಶಿಕಾಗೊ ನಗರದ ಸಮೀಪದ ವೀಟನ್ ಎಂಬಲ್ಲಿ ನೆಲೆಸಿತು. ಅಜ್ಜನ ದೂರದರ್ಶಕದಲ್ಲಿ ಬಾಲ್ಯದಲ್ಲಿಯೇ ಆಕಾಶವನ್ನು ಕಂಡ ಹುಡುಗನಿಗೆ ನಕ್ಷತ್ರಗಳ ಗೀಳು ಹತ್ತಿತು. ಎತ್ತರದ ನಿಲುವು, ಆಟೋಟಗಳಲ್ಲಿ ಮುಂದು. 1906ರಲ್ಲಿ ಪ್ರೌಢಶಾಲೆಯನ್ನು ಮುಗಿಸಿ ವಿದ್ಯಾರ್ಥಿವೇತನದೊಡನೆ ಶಿಕಾಗೊ ವಿಶ್ವವಿದ್ಯಾಲಯವನ್ನು ಸೇರಿದ ಅವರು ಅಲ್ಲಿ ಗಣಿತ ಮತ್ತು ಖಗೋಳಶಾಸ್ತ್ರಗಳನ್ನು ಅಭ್ಯಸಿಸಿ 1910ರಲ್ಲಿ ಪದವೀಧರರಾದರು. ಅದೇ ವರ್ಷ ರೋಡ್ಸ್ ವಿದ್ಯಾರ್ಥಿವೇತನ ದೊರೆತು ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ತೆರಳಿದರು. ಮಗ ವಕೀಲನಾಗಬೇಕೆಂಬುದು ತಂದೆಯ ಇಚ್ಛೆ. ಆ ಇಚ್ಛೆಗೆ ಮಣಿದು ಅವರು ಅಲ್ಲಿ ನ್ಯಾಯಶಾಸ್ತ್ರವನ್ನು ಓದಿದರು. ಬಳಿಕ ಸ್ಪ್ಯಾನಿಷ್ ಭಾಷೆಯನ್ನೂ ಕಲಿತರು.

1913ರ ಜನವರಿಯಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ತಾಯ್ನಾಡಿಗೆ ಮರಳಿದ ಹಬಲ್ ನ್ಯಾಯಾಲಯದ ಮೆಟ್ಟಿಲೇರಲಿಲ್ಲ. ಇಂಡಿಯಾನ ರಾಜ್ಯದ ನ್ಯೂ ಆಲ್ಬನಿ ಎಂಬ ಊರಿನ ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾದರು. ಸ್ಪ್ಯಾನಿಷ್, ಭೌತಶಾಸ್ತ್ರ, ಗಣಿತಗಳನ್ನು ಬೋಧಿಸಿದರು. ಹುಡುಗರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ತರಬೇತಿಯನ್ನಿತ್ತು ಅದನ್ನು ರಾಜ್ಯಮಟ್ಟದ ಪಂದ್ಯಾವಳಿಯವರೆಗೆ ಕೊಂಡೊಯ್ದರು. ವಿದ್ಯಾರ್ಥಿಗಳಿಗೆ ಈ ತರುಣ ಉಪಾಧ್ಯಾಯರಲ್ಲಿ ಅಪಾರ ಅಕ್ಕರೆ. 1914ರಲ್ಲಿ ಶಾಲೆಯನ್ನು ಬಿಟ್ಟು ಹೊರಡಲಿದ್ದ ಹಿರಿಯ ತರಗತಿಯವರು ತಮ್ಮ ವಾರ್ಷಿಕ ಸಂಚಿಕೆಯನ್ನು ಅವರ ಹೆಸರಿಗೆ ಅರ್ಪಿಸಿದರು. ಆ ಮಕ್ಕಳಿಗೆ ತಮ್ಮ ಮೇಷ್ಟರು ಮುಂದೆ ಯಾರಾಗುವರೆಂಬ ಅರಿವು ಇರಲಿಲ್ಲ. ತಮಗೆ ಚೆನ್ನಾಗಿ ಪಾಠ ಹೇಳಿದವರನ್ನು ಅವರು ನೆನೆದರು, ಅಷ್ಟೇ.

ಆದರೆ ಹಬಲ್ ಅವರ ಮನಸ್ಸು ಆಕಾಶದಲ್ಲಿತ್ತು. ಶಿಕಾಗೊದಲ್ಲಿ ತಮಗೆ ಪಾಠ ಹೇಳಿದ್ದ ಪ್ರಾಧ್ಯಾಪಕರಿಗೆ ಪತ್ರ ಬರೆದು, ಅವರ ನೆರವಿನಿಂದ 1914ರಲ್ಲಿ ಯರ್ಕೀಸ್ ವೀಕ್ಷಣಾಲಯಕ್ಕೆ ಸಂಶೋಧನ ವಿದ್ಯಾರ್ಥಿಯಾಗಿ ಸೇರಿಕೊಂಡರು. ಮಂದ ನೀಹಾರಿಕೆಗಳ ಛಾಯಾಚಿತ್ರಗಳನ್ನು ಕುರಿತ ಪ್ರಬಂಧಕ್ಕೆ 1917ರಲ್ಲಿ ಡಾಕ್ಟರೇಟ್ ದೊರೆಯಿತು. ಕ್ಯಾಲಿಫೋರ್ನಿಯದ ಮೌಂಟ್ ವಿಲ್ಸನ್ ವೀಕ್ಷಣಾಲಯದ ನಿರ್ದೇಶಕ ಜಾರ್ಜ್ ಎಲರಿ ಹೇಲ್ ಅವರಿಂದ ಉದ್ಯೋಗದ ಆಹ್ವಾನವೂ ಬಂದಿತ್ತು. ಅಷ್ಟರಲ್ಲಿ ಅಮೆರಿಕ ಮೊದಲನೆಯ ಮಹಾಯುದ್ಧಕ್ಕಿಳಿದುದರಿಂದ ಅವರು ಸೈನ್ಯವನ್ನು ಸೇರಿ ಮೇಜರ್ ಹುದ್ದೆಗೇರಿದರು. ಮೌಂಟ್ ವಿಲ್ಸನ್ನಿನಲ್ಲಿ ಕೆಲಸಕ್ಕೆ ಹಾಜರಾದದ್ದು 1919ರ ಸೆಪ್ಟೆಂಬರಿನಲ್ಲಿ. ಅಲ್ಲಿ, ಸುಮಾರು 1,740 ಮೀಟರ್ ಎತ್ತರದ ಬೆಟ್ಟದ ಮೇಲೆ, 100 ಅಂಗುಲ ವ್ಯಾಸದ ಕನ್ನಡಿಯುಳ್ಳ ಹೂಕರ್ ದೂರದರ್ಶಕವಿತ್ತು. 1917ರಲ್ಲಿ ಕಾರ್ಯಾರಂಭ ಮಾಡಿದ ಅದು ಅಂದಿಗೆ ಜಗತ್ತಿನಲ್ಲೇ ಅತಿ ದೊಡ್ಡದು.

ಆ ಕಾಲದ ವಿವಾದವನ್ನು ಇಲ್ಲಿ ಕೊಂಚ ವಿವರಿಸಬೇಕು. 1920ರ ಏಪ್ರಿಲ್ 26ರಂದು ವಾಷಿಂಗ್ಟನ್ನಿನಲ್ಲಿ ಹಾರ್ಲೋ ಶಾಪ್ಲಿ ಮತ್ತು ಹೀಬರ್ ಕರ್ಟಿಸ್ ಎಂಬ ಇಬ್ಬರು ಖಗೋಳಜ್ಞರು ಈ ವಿಷಯವಾಗಿ ಸಾರ್ವಜನಿಕವಾಗಿ ವಾದ ಮಂಡಿಸಿದರು. ಶಾಪ್ಲಿಯವರ ಎಣಿಕೆಯಂತೆ ಆಕಾಶಗಂಗೆಯ ವ್ಯಾಸವೇ 3 ಲಕ್ಷ ಜ್ಯೋತಿರ್ವರ್ಷ. ಸುರುಳಿಗಳು ಅದಕ್ಕೆ ಸಮಾನವಾದ ಲೋಕಗಳಲ್ಲ. ಕರ್ಟಿಸ್ ಅವರು ಆಕಾಶಗಂಗೆಯನ್ನು ಇದಕ್ಕಿಂತ ಬಹಳ ಚಿಕ್ಕದೆಂದು ಭಾವಿಸಿ, ಸುರುಳಿಗಳು ದೂರದ ಸ್ವತಂತ್ರ ಲೋಕಗಳೆಂದು ಸಾಧಿಸಿದರು. ಇಬ್ಬರ ಕೈಯಲ್ಲಿಯೂ ಅನುಮಾನಗಳಿದ್ದವು. ನಿರ್ಣಾಯಕವಾದ ಅಳತೆ ಇರಲಿಲ್ಲ.

ಅಳತೆಗೋಲು ಆ ವೇಳೆಗೆ ಸಿದ್ಧವಾಗಿತ್ತು. ಅದನ್ನು ಸಿದ್ಧಪಡಿಸಿದವರು ಹಾರ್ವರ್ಡ್ ವೀಕ್ಷಣಾಲಯದ ಹೆನ್ರಿಯೆಟ್ಟಾ ಲೆವಿಟ್ ಎಂಬ ಮಹಿಳೆ. ಶ್ರವಣಶಕ್ತಿ ಕುಂದಿದ್ದ ಆಕೆ ಸಣ್ಣ ಸಂಬಳಕ್ಕೆ ದುಡಿಯುತ್ತ, ಛಾಯಾಚಿತ್ರ ಫಲಕಗಳಲ್ಲಿ ತಾರೆಗಳ ಬೆಳಕನ್ನು ಹೋಲಿಸಿ ನೋಡುವುದರಲ್ಲಿಯೇ ವರ್ಷಗಳನ್ನು ಕಳೆದರು. ಸೆಫೀಡ್ ಎಂಬ ಜಾತಿಯ ನಕ್ಷತ್ರಗಳು ನಿಯತಕಾಲದಲ್ಲಿ ಬೆಳಗಿ ಮಂಕಾಗುತ್ತವೆ. ಮಿಡಿತದ ಅವಧಿ ದೀರ್ಘವಾದಷ್ಟೂ ನಕ್ಷತ್ರದ ನಿಜವಾದ ಪ್ರಭೆ ಅಧಿಕವೆಂಬುದನ್ನು ಲೆವಿಟ್ 1912ರಲ್ಲಿ 25 ಸೆಫೀಡ್‌ಗಳ ಆಧಾರದಿಂದ ತೋರಿಸಿಕೊಟ್ಟರು. ದೀಪದ ನಿಜವಾದ ಪ್ರಭೆ ತಿಳಿದಿದ್ದರೆ, ಅದು ಎಷ್ಟು ಮಂಕಾಗಿ ಕಾಣುತ್ತದೆಯೆಂಬುದರಿಂದ ದೂರವನ್ನು ಲೆಕ್ಕಹಾಕಬಹುದು. ಆಂಡ್ರೋಮೀಡಾದಲ್ಲಿ ಒಂದೇ ಒಂದು ಸೆಫೀಡ್ ದೊರೆತರೆ ವಿವಾದ ಮುಗಿಯುವಂತಿತ್ತು.

ಅದು ಇನ್ನೂ ಮೊದಲೇ ದೊರೆಯಬಹುದಿತ್ತೆಂಬುದಕ್ಕೆ ಒಂದು ಪ್ರಸಂಗವಿದೆ. ಮೌಂಟ್ ವಿಲ್ಸನ್ನಿನಲ್ಲಿ ಮಿಲ್ಟನ್ ಹ್ಯೂಮಸನ್ ಎಂಬೊಬ್ಬರಿದ್ದರು. 14ನೆಯ ವಯಸ್ಸಿಗೆ ಶಾಲೆ ಬಿಟ್ಟವರು. ವೀಕ್ಷಣಾಲಯದ ಸಾಮಗ್ರಿಗಳನ್ನು ಹೇಸರಗತ್ತೆಗಳ ಮೇಲೆ ಹೇರಿ ಬೆಟ್ಟಕ್ಕೆ ಸಾಗಿಸುತ್ತಿದ್ದವರು, ಆಮೇಲೆ ಅಲ್ಲಿಯೇ ಕಟ್ಟಡ ಶುಚಿಮಾಡುವ ಕೆಲಸಕ್ಕೆ ಸೇರಿ, ಕ್ರಮೇಣ ವೀಕ್ಷಣ ಸಹಾಯಕರಾಗಿದ್ದರು. ಶಾಪ್ಲಿ ಅಲ್ಲಿದ್ದ ಕಾಲದಲ್ಲಿ ಅವರಿಗೆ ಆಂಡ್ರೋಮೀಡಾದ ಫಲಕಗಳನ್ನು ಪರೀಕ್ಷಿಸುವ ಕೆಲಸವನ್ನು ಒಪ್ಪಿಸಿದರು. ಹ್ಯೂಮಸನ್ ತರುವಾಯ ಹೇಳಿಕೊಂಡಂತೆ, ಬೆಳಕು ಏರಿಳಿಯುವ ತಾರೆಗಳೆಂದು ತಮಗೆ ತೋರಿದ ಚುಕ್ಕೆಗಳನ್ನು ಅವರು ಗಾಜಿನ ಮೇಲೆ ಶಾಯಿಯಿಂದ ಗುರುತಿಸಿ ತಂದರು. ಅವು ಸೆಫೀಡ್‌ಗಳಾಗಿರುವುದು ಅಸಂಭವವೆಂದು ವಿವರಿಸಿದ ಶಾಪ್ಲಿ, ಕರವಸ್ತ್ರವನ್ನು ತೆಗೆದು ಗುರುತುಗಳನ್ನು ಒರೆಸಿಬಿಟ್ಟರು. ಶಾಪ್ಲಿ ಮಹಾ ಮೇಧಾವಿ. ನಮ್ಮ ಸೂರ್ಯ ಆಕಾಶಗಂಗೆಯ ಕೇಂದ್ರದಲ್ಲಿಲ್ಲವೆಂದು ತೋರಿಸಿಕೊಟ್ಟವರೇ ಅವರು. ಆದರೆ ಸಿದ್ಧಾಂತದಲ್ಲಿ ಇಟ್ಟ ನಂಬಿಕೆ ಆ ದಿನ ಅವರ ಕಣ್ಣನ್ನು ಕಟ್ಟಿತು.

1923ರ ಅಕ್ಟೋಬರ್ 4ರ ರಾತ್ರಿ ಹಬಲ್ 100 ಅಂಗುಲದ ದೂರದರ್ಶಕವನ್ನು ಆಂಡ್ರೋಮೀಡಾದ ಕಡೆಗೆ ತಿರುಗಿಸಿದರು. ವಾತಾವರಣ ಚೆನ್ನಾಗಿರಲಿಲ್ಲ, ಆದರೂ ಫಲಕದಲ್ಲಿ ಹೊಸ ಚುಕ್ಕೆಯೊಂದು ಕಂಡಂತಾಯಿತು. ಮರುರಾತ್ರಿ ಮತ್ತೆ ಸುಮಾರು ಮುಕ್ಕಾಲು ಗಂಟೆ ಇನ್ನೊಂದು ಫಲಕಕ್ಕೆ ಬೆಳಕು ಹಿಡಿದರು. ಅವರು ಹುಡುಕುತ್ತಿದ್ದುದು ನೋವಾಗಳನ್ನು, ಅಂದರೆ ಥಟ್ಟನೆ ಉಜ್ವಲವಾಗಿ ಕೆಲಕಾಲದಲ್ಲಿ ಮಸುಳಿಹೋಗುವ ತಾರೆಗಳನ್ನು. ಮೂರು ಚುಕ್ಕೆಗಳು ದೊರೆತವು. ಮೂರರ ಪಕ್ಕದಲ್ಲಿಯೂ ನೋವಾ ಎಂಬುದರ ಮೊದಲಕ್ಷರವನ್ನು ಗಾಜಿನ ಮೇಲೆ ಬರೆದರು. ಬೆಟ್ಟದಿಂದಿಳಿದು, ಹಿಂದಿನ ವರ್ಷಗಳಲ್ಲಿ ತೆಗೆದ ಫಲಕಗಳನ್ನು ತೆಗೆದಿಟ್ಟು ಒಂದೊಂದಾಗಿ ಹೋಲಿಸಿದಾಗ, ಅವುಗಳಲ್ಲಿ ಒಂದು ಚುಕ್ಕೆ ಹಿಂದೆಯೂ ಇದ್ದದ್ದು, ಬೆಳಗಿ ಮಂಕಾಗಿ ಮತ್ತೆ ಬೆಳಗಿದ್ದು ಕಂಡುಬಂದಿತು. ಅದು ನೋವಾ ಅಲ್ಲ, ಮಿಡಿಯುವ ನಕ್ಷತ್ರ. ಹಬಲ್ ಮೊದಲಿನ ಅಕ್ಷರವನ್ನು ಒರೆಸಲಿಲ್ಲ. ಅದರ ಮೇಲೆ ಗೆರೆಯೆಳೆದು, ಕೆಳಗೆ ಬೆಳಕು ಏರಿಳಿಯುವ ತಾರೆಯೆಂಬುದರ ಸಂಕ್ಷೇಪವನ್ನು ಬರೆದು, ಮುಂದೊಂದು ಆಶ್ಚರ್ಯಸೂಚಕ ಚಿಹ್ನೆಯನ್ನಿಟ್ಟರು. ತಪ್ಪು ಮತ್ತು ತಿದ್ದುಪಡಿ ಎರಡನ್ನೂ ಆ ಗಾಜಿನ ಫಲಕದಲ್ಲಿ ಇಂದಿಗೂ ಕಾಣಬಹುದು.

ಮುಂದಿನ ತಿಂಗಳುಗಳಲ್ಲಿ ಆ ತಾರೆಯ ಮಿಡಿತವನ್ನು ಅನುಸರಿಸಿದಾಗ ಅವಧಿ ಸುಮಾರು 31.4 ದಿನಗಳೆಂದು ತಿಳಿಯಿತು. ಲೆವಿಟ್ ಅವರ ನಿಯಮದಂತೆ ಅದರ ಪ್ರಭೆ ಸೂರ್ಯನಿಗಿಂತ ಸಾವಿರಾರು ಪಟ್ಟು ಇರಬೇಕು. ಅಷ್ಟು ಪ್ರಖರವಾದದ್ದು ಇಷ್ಟು ಮಂಕಾಗಿ ಕಾಣಬೇಕಾದರೆ ಅದು ಸುಮಾರು 9 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿರಬೇಕು. ಶಾಪ್ಲಿಯವರ ವಿಶಾಲ ಆಕಾಶಗಂಗೆಯ ಎಲ್ಲೆಗೂ ಅದು ಬಹು ಹೊರಗಿನ ಮಾತು. 1924ರ ಫೆಬ್ರುವರಿಯಲ್ಲಿ ಹಬಲ್ ಪತ್ರಮುಖೇನ ಮೊದಲು ತಿಳಿಸಿದ್ದು ಆ ಶಾಪ್ಲಿಯವರಿಗೇ. ತಮ್ಮ ವಿಶ್ವಚಿತ್ರ ಅಳಿಸಿಹೋಯಿತೆಂಬುದನ್ನು ಅವರೂ ಗ್ರಹಿಸಿದರು. ಅದೇ ತಿಂಗಳು ಹಬಲ್ ಗ್ರೇಸ್ ಬರ್ಕ್ ಅವರನ್ನು ವಿವಾಹವಾದರು. 1925ರ ಜನವರಿ 1ರಂದು ವಾಷಿಂಗ್ಟನ್ನಿನ ವಿದ್ವತ್ಸಭೆಯಲ್ಲಿ, ಹಬಲ್ ಅವರ ಗೈರುಹಾಜರಿಯಲ್ಲಿ, ಹೆನ್ರಿ ನಾರಿಸ್ ರಸೆಲ್ ಎಂಬ ಹಿರಿಯರು ಅವರ ಪ್ರಬಂಧವನ್ನು ಓದಿದರು. ಬ್ರಹ್ಮಾಂಡದಲ್ಲಿ ನಮ್ಮದು ಅನೇಕ ಗೆಲಾಕ್ಸಿಗಳಲ್ಲಿ ಒಂದು ಮಾತ್ರವೆಂಬುದು ಅಂದಿನಿಂದ ಸ್ಥಿರವಾಯಿತು.

ಹಬಲ್ ಅಷ್ಟಕ್ಕೆ ತೃಪ್ತರಾಗದೆ ಆಂಡ್ರೋಮೀಡಾವನ್ನೂ ಅದರ ಪರಿಸರವನ್ನೂ ವರ್ಷಾನುಗಟ್ಟಲೆ ಶೋಧಿಸಿದರು. 1929ರಲ್ಲಿ ಪ್ರಕಟವಾದ ದೀರ್ಘ ಪ್ರಬಂಧದಲ್ಲಿ ಅದರೊಳಗಿನ 40 ಸೆಫೀಡ್‌ಗಳ ವಿವರವಿದೆ. 1932ರಲ್ಲಿ ಅದರ ಸುತ್ತ ಹರಡಿರುವ 140 ಮಸುಕು ಕಾಯಗಳನ್ನು ಗುರುತಿಸಿ, ಅವು ಲಕ್ಷಾಂತರ ನಕ್ಷತ್ರಗಳು ಒತ್ತಾಗಿ ನೆರೆದ ಗೋಳಾಕಾರದ ಗುಚ್ಛಗಳಿರಬೇಕೆಂದು ಸೂಚಿಸಿದರು. ಸೂಚನೆಯೆಂದೇ ಕರೆದರು, ನಿರ್ಣಯವೆನ್ನಲಿಲ್ಲ. ಆಂಡ್ರೋಮೀಡಾದ ಇಕ್ಕೆಲಗಳಲ್ಲಿ, ತಾಯಿಯ ಸೆರಗು ಹಿಡಿದ ಕೂಸುಗಳಂತೆ ಎರಡು ಸಣ್ಣ ಗೆಲಾಕ್ಸಿಗಳಿವೆ. ಸಾಧಾರಣ ದೂರದರ್ಶಕದಲ್ಲಿಯೂ ಅವನ್ನು ಕಾಣಬಹುದು. ತುಸು ದೂರದಲ್ಲಿ ಟ್ರಯಾಂಗ್ಯುಲಮ್ ಪುಂಜದ ಇನ್ನೊಂದು ಸುರುಳಿಯಿದೆ. ಇವೆಲ್ಲವೂ ನಮ್ಮ ಆಕಾಶಗಂಗೆಯೊಡನೆ ಸೇರಿ ಒಂದು ಚಿಕ್ಕ ಸಮುದಾಯವಾಗಿವೆಯೆಂದು ಕಂಡ ಹಬಲ್, 1936ರ ತಮ್ಮ ಗ್ರಂಥದಲ್ಲಿ ಅದಕ್ಕೆ ಸ್ಥಳೀಯ ಗುಂಪು ಎಂಬರ್ಥದ ಹೆಸರನ್ನಿತ್ತರು. ಆ ಹೆಸರೇ ಇಂದಿಗೂ ಬಳಕೆಯಲ್ಲಿದೆ.

ಲೋಕಪ್ರಸಿದ್ಧಿಯನ್ನು ತಂದುಕೊಟ್ಟದ್ದು 1929ರ ಮತ್ತೊಂದು ಲೇಖನ. ಗೆಲಾಕ್ಸಿಗಳು ದೂರವಿದ್ದಷ್ಟೂ ಹೆಚ್ಚು ವೇಗದಿಂದ ನಮ್ಮಿಂದ ಸರಿಯುತ್ತಿರುವಂತೆ ಅವುಗಳ ರೋಹಿತ ತೋರುತ್ತದೆಂಬುದು ಅದರ ಸಾರಾಂಶ. ವಿಶ್ವವು ಹಿಗ್ಗುತ್ತಿದೆಯೆಂಬ ತಿಳಿವಳಿಕೆಗೆ ಇದು ಆಧಾರವಾಯಿತು. ವೇಗಗಳನ್ನು ಮೊದಲು ಅಳೆದವರು ವೆಸ್ಟೊ ಸ್ಲೈಫರ್. ಮುಂದೆ ಅತಿ ದೂರದ ಗೆಲಾಕ್ಸಿಗಳ ರೋಹಿತಗಳನ್ನು ಚಳಿಯಲ್ಲಿ ರಾತ್ರಿಗಟ್ಟಲೆ ಕುಳಿತು ಸಂಗ್ರಹಿಸಿದವರು ಅದೇ ಹ್ಯೂಮಸನ್. ಹಿಗ್ಗುವ ವಿಶ್ವದ ಗಣಿತವನ್ನು 1927ರಲ್ಲಿಯೇ ಮಂಡಿಸಿದ್ದವರು ಬೆಲ್ಜಿಯಮ್ಮಿನ ಪಾದ್ರಿ ಜಾರ್ಜ್ ಲಮೇತ್ರ. ಈ ಕಾರಣದಿಂದ 2018ರಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟವು ಈ ನಿಯಮವನ್ನು ಹಬಲ್-ಲಮೇತ್ರ ನಿಯಮವೆಂದು ಕರೆಯಲು ಶಿಫಾರಸು ಮಾಡಿತು. ಆಂಡ್ರೋಮೀಡಾ ಮಾತ್ರ ನಮ್ಮಿಂದ ದೂರ ಸರಿಯುತ್ತಿಲ್ಲ. ಅದು ನಮ್ಮತ್ತ ಬರುತ್ತಿರುವುದನ್ನು ಸ್ಲೈಫರ್ 1912ರಲ್ಲಿಯೇ ಕಂಡಿದ್ದರು. ನೆರೆಹೊರೆಯ ಗೆಲಾಕ್ಸಿಗಳ ನಡುವೆ ಪರಸ್ಪರ ಆಕರ್ಷಣೆಯದೇ ಮೇಲುಗೈ.

ಎರಡನೆಯ ಮಹಾಯುದ್ಧದಲ್ಲಿ ಹಬಲ್ ವೀಕ್ಷಣಾಲಯವನ್ನು ಬಿಟ್ಟು ಮೇರಿಲ್ಯಾಂಡಿನ ಸೈನಿಕ ಪ್ರಯೋಗಕ್ಷೇತ್ರದಲ್ಲಿ ಗುಂಡುಗಳ ಚಲನೆಯ ಸಂಶೋಧನೆಗೆ ತೆರಳಿದರು. ಬೆಟ್ಟದ ಮೇಲೆ ಉಳಿದವರಲ್ಲಿ ಜರ್ಮನಿಯಿಂದ ಬಂದ ವಾಲ್ಟರ್ ಬಾಡೆ ಒಬ್ಬರು. ಶತ್ರುರಾಷ್ಟ್ರದ ಪ್ರಜೆಯಾದುದರಿಂದ ಅವರಿಗೆ ಯುದ್ಧಕಾರ್ಯ ನಿಷಿದ್ಧ. ಕೆಳಗಿನ ಲಾಸ್ ಏಂಜಲೀಸ್ ನಗರದ ದೀಪಗಳನ್ನು ಯುದ್ಧಭಯದಿಂದ ಮಬ್ಬುಗೊಳಿಸಿದ್ದರು. ಆ ಕತ್ತಲೆಯ ಪ್ರಯೋಜನ ಪಡೆದು ಬಾಡೆ 1943ರಲ್ಲಿ ಆಂಡ್ರೋಮೀಡಾದ ಒಡಲನ್ನೂ ಅದರ ಎರಡು ಪುಟ್ಟ ಸಂಗಾತಿಗಳನ್ನೂ ಬಿಡಿಬಿಡಿ ನಕ್ಷತ್ರಗಳಾಗಿ ಸೆರೆಹಿಡಿದರು. ನಕ್ಷತ್ರಗಳಲ್ಲಿ ಎರಡು ಸಂತತಿಗಳಿವೆಯೆಂದು ಅದರಿಂದ ತಿಳಿಯಿತು. ಸೆಫೀಡ್‌ಗಳಲ್ಲಿಯೂ ಎರಡು ಬಗೆಗಳಿರುವುದನ್ನು ಕಂಡುಕೊಂಡ ಬಾಡೆ, ಹಬಲ್ ಅವರ ದೂರವನ್ನು ಇಮ್ಮಡಿಗೊಳಿಸಬೇಕೆಂದು 1952ರಲ್ಲಿ ರೋಮ್ ನಗರದ ಸಮ್ಮೇಳನದಲ್ಲಿ ಪ್ರಕಟಿಸಿದರು. ಇಂದಿನ ಎಣಿಕೆ ಸುಮಾರು 25 ಲಕ್ಷ ಜ್ಯೋತಿರ್ವರ್ಷ. ಹಬಲ್ ಅವರ ಸಂಖ್ಯೆ ನಿಲ್ಲಲಿಲ್ಲ. ಅವರ ತೀರ್ಮಾನ ನಿಂತಿತು. ಅವರು ಉಪಯೋಗಿಸಿದ ವಿಧಾನ ಎಲ್ಲರ ಮುಂದೆ ತೆರೆದಿದ್ದುದರಿಂದಲೇ ಬಾಡೆಯವರಿಗೆ ತಿದ್ದಲು ಸಾಧ್ಯವಾಯಿತು.

ಪಾಲೊಮಾರ್ ಬೆಟ್ಟದ 200 ಅಂಗುಲದ ದೂರದರ್ಶಕದಲ್ಲಿ 1949ರ ಜನವರಿಯಲ್ಲಿ ಮೊದಲ ಫಲಕವನ್ನು ತೆಗೆಯುವ ಗೌರವ ಹಬಲ್ ಅವರದಾಯಿತು. ಅದೇ ವರ್ಷ ಅವರಿಗೆ ಹೃದಯಾಘಾತವಾಯಿತು. 1953ರ ಸೆಪ್ಟೆಂಬರ್ 28ರಂದು, 63ನೆಯ ವಯಸ್ಸಿನಲ್ಲಿ, ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಅವರು ನಿಧನ ಹೊಂದಿದರು. ಸಾರ್ವಜನಿಕ ಅಂತ್ಯಕ್ರಿಯೆ ನಡೆಯಲಿಲ್ಲ. ಸಮಾಧಿಯ ಸ್ಥಳವನ್ನೂ ಬಹಿರಂಗಪಡಿಸಲಿಲ್ಲ.

ಈಗ ನಾನು ಮೊದಲಿಗೆ ಸೂಚಿಸಿದ ಎರಡನೆಯ ಕಾರಣಕ್ಕೆ ಬರುತ್ತೇನೆ. ಪ್ರಸಿದ್ಧರಾದ ಮೇಲೆ ಹಬಲ್, ಆಕ್ಸ್‌ಫರ್ಡಿನಿಂದ ಮರಳಿದ ವರ್ಷ ತಾವು ಕೆಂಟಕಿಯಲ್ಲಿ ವಕೀಲಿ ನಡೆಸಿದುದಾಗಿ ಜನ ನಂಬುವಂತೆ ಮಾಡಿದ್ದರು. ಶಾಲಾ ಉಪಾಧ್ಯಾಯರಾಗಿದ್ದ ಸಂಗತಿ ಆ ಕಥೆಯ ಮರೆಯಲ್ಲಿ ಉಳಿಯಿತು. ಅವರ ಚರಿತ್ರಕಾರರು ಶೋಧಿಸಿದಾಗ ವಕೀಲಿಗೆ ಪುರಾವೆ ದೊರೆಯಲಿಲ್ಲ. ನ್ಯೂ ಆಲ್ಬನಿಯ ಮಕ್ಕಳ ಸಂಚಿಕೆ ದೊರೆಯಿತು. ಗಾಜಿನ ಫಲಕದ ಮೇಲೆ ಅಷ್ಟು ಪ್ರಾಮಾಣಿಕರಾಗಿದ್ದವರು ತಮ್ಮ ಬಾಳಿನ ವಿಷಯದಲ್ಲಿ ಹಾಗಿರದೆ ಹೋದದ್ದು ನನಗೆ ಖೇದವನ್ನುಂಟುಮಾಡುತ್ತದೆ. ಪಾಠ ಹೇಳುವ ವೃತ್ತಿಯನ್ನು ಮರೆಮಾಡಬೇಕೆಂದು ಅಷ್ಟು ದೊಡ್ಡವರಿಗೂ ಅನ್ನಿಸಿತಲ್ಲ ಎಂಬುದು ಅದಕ್ಕಿಂತ ಹೆಚ್ಚಿನ ಖೇದ. ಅವರು ಮರೆಸಲೆಳಸಿದ ವರ್ಷವನ್ನು ಅವರ ಶಿಷ್ಯರು ಗೌರವದಿಂದ ಕಾಪಾಡಿದ್ದರು.

ಹಬಲ್ ಅವರ ಹೆಸರನ್ನು ಹೊತ್ತ ಬಾಹ್ಯಾಕಾಶ ದೂರದರ್ಶಕವು 1990ರಲ್ಲಿ ಗಗನಕ್ಕೇರಿತು. 2010ರ ಡಿಸೆಂಬರಿನಿಂದ ಕೆಲವು ವಾರ ಅದು 1923ರ ಅದೇ ಮಿಡಿಯುವ ತಾರೆಯನ್ನು ನೋಡಿತು. ತಾರೆ ಹಾಗೆಯೇ ಮಿಡಿಯುತ್ತಿತ್ತು. ಅದು ಹತ್ತು ವರ್ಷಗಳಿಗೂ ಮೀರಿದ ಅವಧಿಯಲ್ಲಿ ತೆಗೆದ ಚಿತ್ರಗಳನ್ನು ಜೋಡಿಸಿ 2025ರ ಜನವರಿಯಲ್ಲಿ ಪ್ರಕಟಿಸಿದ ಆಂಡ್ರೋಮೀಡಾದ ಮಹಾಚಿತ್ರದಲ್ಲಿ 20 ಕೋಟಿಗೂ ಹೆಚ್ಚು ನಕ್ಷತ್ರಗಳನ್ನು ಬಿಡಿಬಿಡಿಯಾಗಿ ಗುರುತಿಸಲಾಗಿದೆ. ಹಬಲ್ ಕಂಡಿದ್ದ ಎರಡು ಕೂಸುಗಳ ಜೊತೆಗೆ ಮೂವತ್ತಕ್ಕೂ ಹೆಚ್ಚು ಪುಟ್ಟ ಗೆಲಾಕ್ಸಿಗಳು ಆಂಡ್ರೋಮೀಡಾದ ಸುತ್ತ ಈಗ ಪರಿಚಿತವಾಗಿವೆ.

ಶಾಲೆಯೆಂಬುದು ತಿದ್ದುವ ಸ್ಥಳ. ಕೆಂಪು ಶಾಯಿಯ ಗೆರೆಯನ್ನು ಕಂಡು ಅಳುಕುವ ಮಗುವಿಗೆ ಆ ಗಾಜಿನ ಫಲಕದ ಕಥೆಯನ್ನು ಹೇಳಬೇಕೆಂಬುದು ನನ್ನ ಆಶಯ. ಇನ್ನೊಂದು ವಿನಂತಿಯನ್ನು ಹಳೆಯ ವಿದ್ಯಾರ್ಥಿಗಳಲ್ಲಿ ಮಾಡಿಕೊಳ್ಳುತ್ತೇನೆ. ರಾಜ್ಯದ ಗಡಿಯಾಚೆ ಉಳಿದು ಕನ್ನಡದ ಹಣತೆಯನ್ನು ಆರದಂತೆ ಕಾಪಾಡಿಕೊಂಡು ಬಂದ ನಮ್ಮಂಥ ಶಾಲೆಗಳ ಕಥೆಯನ್ನು ಬೇರೆ ಯಾರೂ ಬರೆದಿಡುವುದಿಲ್ಲ. ನಿಮಗೆ ಅಕ್ಷರ ಕಲಿಸಿದವರ ಹೆಸರು, ಅವರು ಕಲಿಸಿದ ವಿಷಯ, ಅವರು ಇದ್ದ ವರ್ಷಗಳು, ನಿಮ್ಮ ಬಳಿಯಿರುವ ಹಳೆಯ ಭಾವಚಿತ್ರಗಳು, ಇವನ್ನು ಈಗಲೇ ಬರೆದು ಶಾಲೆಗೆ ಒಪ್ಪಿಸಿರಿ. ಬರೆದದ್ದರಲ್ಲಿ ತಪ್ಪಿದ್ದರೆ ಮುಂದಿನವರು ಗೆರೆಯೆಳೆದು ತಿದ್ದಿಕೊಳ್ಳುತ್ತಾರೆ. ಬರೆಯದೇ ಬಿಟ್ಟದ್ದನ್ನು ತಿದ್ದಲು ಯಾರಿಂದಲೂ ಆಗದು.